ಗವರ್ನರ್, ಕರ್ನಲ್, ಕಂಪನಿ: ಕಿತ್ತೂರು ಸೀಮೆಯ ಫ್ಲ್ಯಾಶ್ ಶಾಸ್ತ್ರಕ್ಕೊಂದು ಪ್ರವೇಶಿಕೆ

ಆಂಡ್ರಾಯ್ಡ್ ಫೋನಿನ ಕರ್ನಲ್ ಬದಲಿಸಿ ಅದರ ಓಟ ಹೆಚ್ಚಿಸುವ ವಿದ್ಯೆ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿತೆಂದು ಒಂದು ಮತ. ಲಿನಕ್ಸ್ ಕರ್ನಲ್ಲನ್ನು 1991ರಲ್ಲಿ ಬರೆದ ಲೈನಸ್ ಟೊರ್ವಾಲ್ಡ್ಸ್ ಆಗ ಹೆಲ್ಸಿಂಕಿಯಲ್ಲಿ ಓದುತ್ತಿದ್ದುದರಿಂದ ಅದು ಫಿನ್ಲೆಂಡಿನದೆಂದು ಇನ್ನೊಂದು ಮತ. ಎರಡೂ ಖಂಡನಾರ್ಹ. ಈ ಶಾಸ್ತ್ರದ ಮೂಲಪದಗಳು ಮೂರು: ಗವರ್ನರ್, ಕರ್ನಲ್, ಕಂಪನಿ. ಈ ಮೂರೂ ಕೂಡಿ ಒಂದೇ ಊರಿನ ಮೇಲೆ ಏರಿ ಬಂದದ್ದು 1824ರಲ್ಲಿ, ಕಿತ್ತೂರಿನ ಮೇಲೆ. ಮುಂಬಯಿಯಲ್ಲಿ ಗವರ್ನರ್ ಎಲ್ಫಿನ್‌ಸ್ಟನ್, ಕೋಟೆಯ ಮುಂದೆ ಲೆಫ್ಟಿನೆಂಟ್ ಕರ್ನಲ್ ಡೀಕನ್, ಇಬ್ಬರಿಗೂ ಪಗಾರ ಕೊಡುವ ಈಸ್ಟ್ ಇಂಡಿಯಾ ಕಂಪನಿ. ಹೆಲ್ಸಿಂಕಿಯಲ್ಲಿ ಇಂಥದ್ದು ನಡೆದದ್ದುಂಟೆ? ಇಲ್ಲ. ಆದ್ದರಿಂದ ಈ ವಿದ್ಯೆ ನಮ್ಮದು.

ಅಧ್ಯಯನದ ವ್ಯಾಪ್ತಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂಬ ನಾಲ್ಕು ತಾಲೂಕು. ನಾಲ್ಕೇ ಏಕೆಂದು ಕೇಳುವವರಿಗೆ ಉತ್ತರ: ನನ್ನ ಫೋನಿನ ಪ್ರೊಸೆಸರಿನಲ್ಲಿ ಇದ್ದದ್ದು ನಾಲ್ಕೇ ಕೋರು. ಗೋಕಾಕ, ಖಾನಾಪುರ, ಅಥಣಿ ಎಲ್ಲ ಸೇರಿಸಬೇಕಾದರೆ ಎಂಟು ಕೋರಿನ ಫೋನು ಕೊಳ್ಳಬೇಕಾಗಿತ್ತು. ಅಷ್ಟು ಅನುದಾನಕ್ಕೆ ಮನೆಯಲ್ಲಿ ಮಂಜೂರಾತಿ ಸಿಗಲಿಲ್ಲ. ಸಮೀಕ್ಷೆಗೆ ಒಳಪಟ್ಟ ಫೋನುಗಳು ಒಟ್ಟು ಎರಡು. ಒಂದು ನನ್ನದು. ಇನ್ನೊಂದು, ಅದು ಕೆಟ್ಟ ಮೇಲೆ ತಂದದ್ದು.

ಪದನಿಷ್ಪತ್ತಿ

ಕರ್ನಲ್ ಎಂದರೆ ಕಾಳು. ಬೈಲಹೊಂಗಲದ ಎರಿಹೊಲದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹತ್ತಿಯನ್ನು ಜಿನ್ನಿಗೆ ಹಾಕಿದರೆ ಅರಳೆ ಒಂದು ಕಡೆ, ಹತ್ತಿಕಾಳು ಒಂದು ಕಡೆ. ಅರಳೆ ಲಾರಿ ಏರಿ ಊರು ಬಿಡುತ್ತದೆ, ಯಾರದೋ ಅಂಗಿಯಾಗಿ ಹೆಸರು ಮಾಡುತ್ತದೆ. ಕಾಳು ಊರಲ್ಲೇ ಉಳಿದು, ನೆನೆದು, ಎಮ್ಮೆಯ ಮುಂದೆ ಹೋಗಿ ಹಾಲಾಗುತ್ತದೆ. ಫೋನಿನ ಪರದೆಯ ಮೇಲೆ ಕಾಣುವ ಬಣ್ಣ, ಚಿತ್ರ, ಗುಂಡಿಗಳೆಲ್ಲ ಅರಳೆ. ಪ್ರೊಸೆಸರಿಗೆ ಎಷ್ಟು ಕೆಲಸ, ಮೆಮೊರಿಯಲ್ಲಿ ಯಾರಿಗೆ ಎಷ್ಟು ಜಾಗ, ಕ್ಯಾಮೆರಾವನ್ನು ಎಬ್ಬಿಸುವವರು ಯಾರು, ಬ್ಯಾಟರಿಯಿಂದ ಎಷ್ಟು ಮೇವು, ಇದನ್ನೆಲ್ಲ ತಳದಲ್ಲಿ ಕೂತು ನಡೆಸುವುದು ಕಾಳು.

ಕಾಳು ಬದಲಿಸಿದರೆ ಬೆಳೆ ಬದಲಾಗುತ್ತದೆ ಎಂಬುದನ್ನೂ ನಾವು ಹೊರಗಿನವರಿಂದ ಕಲಿಯಬೇಕಾಗಿಲ್ಲ. ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿಯವರು 1972ರಲ್ಲಿ ವರಲಕ್ಷ್ಮಿ, 1981ರಲ್ಲಿ ಡಿಸಿಎಚ್-32 ಎಂಬ ಹೈಬ್ರಿಡ್ ಹತ್ತಿ ತಂದರು. ಎಳೆ ಉದ್ದವಾಯಿತು; ಗೊಬ್ಬರ, ಎಣ್ಣೆ, ಆರೈಕೆಯ ಪಟ್ಟಿಯೂ ಉದ್ದವಾಯಿತು. ಹೈಬ್ರಿಡ್ಡಿನ ಇನ್ನೊಂದು ಗುಣ, ಮನೆಯ ಬೆಳೆಯ ಕಾಳು ಹಿಡಿದಿಟ್ಟು ಬಿತ್ತಿದರೆ ಮೊದಲಿನ ಬೆಳೆ ಬರುವುದಿಲ್ಲ, ಪ್ರತಿವರ್ಷ ಹೊಸ ಚೀಲ ತರಬೇಕು. ಕಸ್ಟಮ್ ಕರ್ನಲ್ಲೂ ಅಷ್ಟೇ. ಕಂಪನಿಯ ಅಪ್‌ಡೇಟ್ ಒಂದು ಬಂದರೆ ಕರ್ನಲ್ ಕೂತಿರುವ ಬೂಟ್ ವಿಭಾಗದ ಮೇಲೆ ಹೊಸ ಬರಹ ಬಿದ್ದು ಹಳೆಯ ಕಷ್ಟವೆಲ್ಲ ಅಳಿಸಿ ಹೋಗುತ್ತದೆ, ಮತ್ತೆ ಬಿತ್ತಬೇಕು. ಈ ಸಾಮ್ಯವನ್ನು ಇದುವರೆಗೆ ಯಾವ ಕೃಷಿ ವಿಜ್ಞಾನಿಯೂ ಗಮನಿಸದಿರುವುದು ಖೇದಕರ.

ಇತರ ಪದಗಳ ನಿಷ್ಪತ್ತಿ ಸುಲಭ. ಬೂಟ್ ಎಂಬುದು ಕಂಪನಿಯ ಸಿಪಾಯಿಗಳ ಕಾಲಿನಿಂದ ಬಂತು. ರಿಕವರಿ ಎಂದರೆ ಕಂದಾಯ ವಸೂಲಿ. ಫ್ಲ್ಯಾಶ್ ಎಂದರೆ ತೋಪಿನ ಬಾಯಲ್ಲಿ ಕಾಣುವಂಥದು. ರೂಟ್ ಎಂದರೆ ಬಸ್ಸಿನ ಬೋರ್ಡಿನ ಮೇಲೆ ಬರೆದಿರುವಂಥದು. ಇದರಲ್ಲಿ ಮಾತ್ರ ಪ್ರಬಂಧಕಾರನಿಗೆ ಅಲ್ಪ ಸಂದೇಹವಿದೆ.

ದತ್ತಕ ಪ್ರಕರಣ

ಈಗ ಪ್ರಬಂಧದ ಹೃದಯಭಾಗಕ್ಕೆ ಬರೋಣ. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ತೀರಿಕೊಂಡ. ಮಕ್ಕಳಿರಲಿಲ್ಲ, ಶಿವಲಿಂಗಪ್ಪನೆಂಬ ಹುಡುಗನನ್ನು ದತ್ತು ತೆಗೆದುಕೊಂಡಾಗಿತ್ತು. ಧಾರವಾಡದ ಕಲೆಕ್ಟರ್ ಥ್ಯಾಕರೆಗೆ ದತ್ತಕದ ಪತ್ರ ತಲುಪಿತು. ಆತ ಅದನ್ನು ಹಿಂದೆ ಮುಂದೆ ಹೊರಳಿಸಿ ನೋಡಿ ಸಹಿಯ ಮೇಲೆ ಸಂಶಯ ತೆಗೆದ. ದತ್ತಕ ಒಪ್ಪಲಿಲ್ಲ, ಖಜಾನೆಗೆ ಮುದ್ರೆ ಒತ್ತಿ ಕಾವಲು ಹಾಕಿದ.

ವಾಚಕರು ಇಲ್ಲಿ ಉಸಿರು ಬಿಗಿಹಿಡಿಯಬೇಕು. ಫೋನು ಚಾಲೂ ಮಾಡಿದ ಕ್ಷಣ ಬೂಟ್‌ಲೋಡರ್ ಎಂಬ ದ್ವಾರಪಾಲಕ ಏನು ಮಾಡುತ್ತಾನೆ? ಕರ್ನಲ್ಲಿನ ಮೇಲಿರುವ ಡಿಜಿಟಲ್ ಸಹಿಯನ್ನು ತಾಳೆ ನೋಡುತ್ತಾನೆ. ಕಂಪನಿಯ ಸಹಿಯಾದರೆ ಒಳಗೆ ಬಿಡುತ್ತಾನೆ. ದತ್ತು ಬಂದದ್ದಾದರೆ ಸಂಶಯ ತೆಗೆಯುತ್ತಾನೆ. ಈ ತಾಳೆ ನೋಡುವ ಪದ್ಧತಿಯನ್ನು ಗೂಗಲ್ ಆಂಡ್ರಾಯ್ಡ್ 4.4ರಲ್ಲಿ ತಂದು, 2016ರ ಆಂಡ್ರಾಯ್ಡ್ 7ರಲ್ಲಿ ಬಿಗಿಗೊಳಿಸಿತು. ಥ್ಯಾಕರೆ ಅದನ್ನು 192 ವರ್ಷ ಮೊದಲೇ ಜಾರಿಗೆ ತಂದಿದ್ದ. ಆತನಿಗೆ ಸಲ್ಲಬೇಕಾದ ಮನ್ನಣೆ ಸಲ್ಲಲಿಲ್ಲ ಎನ್ನೋಣವೆಂದರೆ, 1824ರ ಅಕ್ಟೋಬರ್ 23ರಂದು ಕಿತ್ತೂರಿನವರು ಕೋಟೆಯ ಬಾಗಿಲು ತೆಗೆದು ಹೊರಬಂದು ಸಲ್ಲಿಸಿಬಿಟ್ಟರು.

ಬೂಟ್‌ಲೋಡರಿನ ಬೀಗ ತೆಗೆಸಲು ಕಂಪನಿಗೇ ಅರ್ಜಿ ಹಾಕಬೇಕು ಎಂಬುದು ಈ ಶಾಸ್ತ್ರದ ವಿನೋದ. ಕೆಲವು ಕಂಪನಿಗಳು ಅರ್ಜಿ ನೋಡಿ, 168 ತಾಸು ಬಿಟ್ಟು ಬಾ ಎನ್ನುತ್ತವೆ. ಬೀಗ ತೆಗೆದರೆ ವಾರಂಟಿ ಹೋಗುವ ಸಂಭವವುಂಟು, ಬ್ಯಾಂಕಿನ ಆಪ್‌ಗಳು ಮುಖ ತಿರುವುತ್ತವೆ, ಮತ್ತು ಫೋನಿನಲ್ಲಿರುವ ಸಮಸ್ತವೂ ಅಳಿಸಿ ಹೋಗುತ್ತದೆ. ಸಮಸ್ತವೂ ಎಂದರೆ ಸಮಸ್ತವೂ. ಈ ಪ್ರಬಂಧದ ಮೊದಲ ಕರಡು ನಾನು ಬೀಗ ತೆಗೆಸಿದ ಫೋನಿನಲ್ಲೇ ಇತ್ತು. ಅದರ ಮೂರನೆಯ ಅಧ್ಯಾಯ ಇದಕ್ಕಿಂತ ಬಹಳ ಗಹನವಾಗಿತ್ತೆಂದು ವಾಚಕರು ನಂಬಬೇಕಾಗಿ ವಿನಂತಿ.

ಆದರೂ ಬೀಗ ಹಾಕುವ ಕಂಪನಿಯೇ ಕೂಸನ್ನೂ ಕೊಡಬೇಕು, ಇದು ನ್ಯಾಯ. ಲಿನಕ್ಸ್ ಕರ್ನಲ್ ಇರುವುದು ಜಿಪಿಎಲ್ ಎರಡನೆಯ ಆವೃತ್ತಿಯ ಪರವಾನಗಿಯಲ್ಲಿ. ಅದನ್ನು ತಿದ್ದಿ ಫೋನಿನಲ್ಲಿಟ್ಟು ಮಾರಿದವರು ತಿದ್ದಿದ ಮೂಲ ಬರಹವನ್ನು ಕೊಡಲೇಬೇಕು. ಹಾಗೆ ಕೊಟ್ಟದ್ದನ್ನು ಎತ್ತಿಕೊಂಡು ನಿದ್ದೆಗೆಟ್ಟ ಹುಡುಗರು ಎರಡು ಸಾಲು ಸೇರಿಸಿ, ನಾಲ್ಕು ಸಾಲು ಕಿತ್ತು, ಬೆಂಕಿ, ಸಿಡಿಲು, ರಾಕ್ಷಸ ಮುಂತಾದ ಅರ್ಥದ ಹೆಸರಿಟ್ಟು ಹಂಚುತ್ತಾರೆ. ಎಲಿಮೆಂಟಲ್‌ಎಕ್ಸ್, ಫ್ರಾಂಕೊ ಮೊದಲಾದವು ಈ ಪರಂಪರೆಯ ಹಿರಿಯ ಮನೆತನಗಳು.

ದತ್ತು ತರುವಾಗ ಬೆಡಗು, ಅಂದರೆ ಫೋನಿನ ಸಂಕೇತನಾಮ, ನೋಡಬೇಕು. ಮದುವೆಯಲ್ಲಿ ಬೆಡಗು ಒಂದೇ ಆದರೆ ಕೂಡದು. ಇಲ್ಲಿ ಒಂದೇ ಇಲ್ಲದಿದ್ದರೆ ಕೂಡದು. ರೆಡ್ಮಿ ನೋಟ್ 4 ಎಂಬ ಒಂದೇ ಹೆಸರಿನಲ್ಲಿ ಎರಡು ಫೋನುಗಳಿದ್ದವು: ಸ್ನ್ಯಾಪ್‌ಡ್ರಾಗನ್ ಪ್ರೊಸೆಸರಿನದರ ಬೆಡಗು ಮಿಡೊ, ಮೀಡಿಯಾಟೆಕ್‌ನದು ನಿಕೆಲ್. ರೆಡ್ಮಿ ನೋಟ್ 3ರಲ್ಲೂ ಹೀಗೆಯೇ, ಕೆಂಜೊ ಬೇರೆ, ಹೆನ್ನೆಸಿ ಬೇರೆ. ಮೇಲೆ ಒಂದೇ ಮುಖ, ಒಂದೇ ಅಂಗಿ, ಒಂದೇ ಅಡ್ಡಹೆಸರು. ಬೆಡಗು ವಿಚಾರಿಸದೆ ಒಂದರ ಕರ್ನಲ್ಲನ್ನು ಇನ್ನೊಂದಕ್ಕೆ ಹಾಕಿದರೆ ಹಸೆಮಣೆಯ ಮೇಲೇ ಸಂಬಂಧ ಮುರಿಯುತ್ತದೆ.

ಇನ್ನು ಮದ್ದಿನ ವಿಚಾರ. ಕಿತ್ತೂರಿನ ಎರಡನೆಯ ಯುದ್ಧದಲ್ಲಿ ದ್ರೋಹಿಗಳು ಮದ್ದಿಗೆ ಸಗಣಿ ಬೆರೆಸಿದ್ದರಿಂದ ತೋಪು ಹಾರಲಿಲ್ಲವೆಂದು ನಮ್ಮ ಕಡೆ ಜನ ಹೇಳುತ್ತಾರೆ. ಕರ್ನಲ್ಲನ್ನು ಹೊತ್ತು ತರುವ ಜಿಪ್ ಫೈಲ್ ಅರ್ಧವೇ ಇಳಿದಿದ್ದರೆ ಅದೂ ಇದೇ ಜಾತಿ. ಹೊರಗಿನಿಂದ ಮದ್ದೇ, ಒಳಗೆ ಸಗಣಿ. ಅದಕ್ಕೇ ಎಂಡಿ5 ಎಂಬ ಅಂಕೆಯನ್ನು ತಾಳೆ ನೋಡಿ ಹಚ್ಚಬೇಕು. ಹೋಲಿಕೆಯನ್ನು ಇಲ್ಲಿಗೆ ನಿಲ್ಲಿಸುತ್ತೇನೆ. ಸೆರೆಯಲ್ಲಿದ್ದ ಕಿತ್ತೂರಿನ ರಾಣಿ ಚೆನ್ನಮ್ಮ 1829ರ ಫೆಬ್ರುವರಿಯಲ್ಲಿ ಬೈಲಹೊಂಗಲದಲ್ಲಿ ತೀರಿಕೊಂಡಳು. ಅದೇ ದತ್ತಕ ಹುಡುಗನನ್ನು ಗಾದಿಗೆ ತರಲು ಹೊರಟ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಬೈಲಹೊಂಗಲದ ಸಮಾಧಿಯ ಮುಂದೆ ನಿಂತಾಗ ಫೋನು ಕಿಸೆಯಲ್ಲಿರಬೇಕು.

ಗವರ್ನರ್ ನಿರ್ಣಯ

ಕರ್ನಲ್ಲಿನ ಒಳಗೆ ಪ್ರೊಸೆಸರಿನ ವೇಗ ಏರಿಸುವ, ಇಳಿಸುವ ಅಧಿಕಾರಿಗೆ ಗವರ್ನರ್ ಎಂದು ಹೆಸರು. ಈ ಪದ ಎಲ್ಫಿನ್‌ಸ್ಟನ್‌ನಿಂದ ಬಂತೆ, ಎಂಜಿನ್ನಿನಿಂದ ಬಂತೆ ಎಂಬಲ್ಲಿ ವಿದ್ವಾಂಸನಲ್ಲಿ, ಅಂದರೆ ನನ್ನಲ್ಲಿ, ಎರಡು ಪಕ್ಷಗಳಿವೆ. ಪೂರ್ವಪಕ್ಷವನ್ನು ಆಗಲೇ ಹೇಳಿದೆ. ಉತ್ತರಪಕ್ಷ ಹೀಗೆ: ಜೇಮ್ಸ್ ವಾಟ್ 1788ರಲ್ಲಿ ಉಗಿ ಎಂಜಿನ್ನಿಗೆ ತಿರುಗುವ ಎರಡು ಗುಂಡು ಕಟ್ಟಿದ. ಓಟ ಹೆಚ್ಚಿದರೆ ಗುಂಡುಗಳು ಅಗಲವಾಗಿ ಉಗಿಯ ಬಾಯಿ ಮುಚ್ಚುತ್ತವೆ, ಕಡಿಮೆಯಾದರೆ ತೆರೆಯುತ್ತವೆ. ಅದರ ಗಣಿತವನ್ನು ಮ್ಯಾಕ್ಸ್‌ವೆಲ್ 1868ರಲ್ಲಿ ಬರೆದ. ಮರುವರ್ಷವೇ, 1869ರಲ್ಲಿ, ಸವದತ್ತಿ ತಾಲೂಕಿನ ಗುರ್ಲಹೊಸೂರಿನಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಮೇವು ಕತ್ತರಿಸುವ ಯಂತ್ರ ಮಾಡಿ, ಕಬ್ಬಿಣದ ರಂಟೆ ಮಾಡಿ, 1910ರಲ್ಲಿ ಕಿರ್ಲೋಸ್ಕರವಾಡಿಗೆ ಹೋದವರು ಅವರೇ. ಮುಂದೆ ಅವರ ಮನೆತನದ ಹೆಸರು ಹೊತ್ತ ಡೀಸೆಲ್ ಎಂಜಿನ್ನುಗಳು ಮಲಪ್ರಭೆಯ ದಂಡೆಯುದ್ದಕ್ಕೂ ಗುಡುಗಿದವು, ಪ್ರತಿಯೊಂದರ ಹೊಟ್ಟೆಯಲ್ಲೂ ಒಂದು ಗವರ್ನರ್. 1868, 1869. ಇದನ್ನು ಕಾಕತಾಳೀಯ ಎನ್ನುವವರಿಗೆ ಸಂಶೋಧನೆಯ ಗಂಧ ಇಲ್ಲ.

ನೇಮಿಸಿದ ವೇಗ ಮೀರಿ ಓಡಿಸುವ ಓವರ್‌ಕ್ಲಾಕಿಂಗ್ ಎಂಬುದರ ಆದಿಮ ರೂಪ ಸಿಗುವುದೂ ಈ ದಂಡೆಯ ಮೇಲೆಯೇ. ನಿಮಿಷಕ್ಕೆ 1500 ಸುತ್ತಿಗೆಂದು ಮಾಡಿದ ಎಂಜಿನ್ನಿನ ಗವರ್ನರ್ ಸ್ಪ್ರಿಂಗನ್ನು ತುಸು ಬಿಗಿದರೆ ಅದು ಇನ್ನೂ ಜೋರಾಗಿ ತಿರುಗುತ್ತದೆ. ಕಬ್ಬಿನ ಕೊನೆಯ ಸಾಲಿಗೆ ಬೇಗ ನೀರು ಮುಟ್ಟುತ್ತದೆ. ಆದರೆ ಪಂಪನ್ನು ನೂರಕ್ಕೆ ಹತ್ತರಷ್ಟು ಜೋರಾಗಿ ತಿರುಗಿಸಲು ಬೇಕಾಗುವ ಶಕ್ತಿ ನೂರಕ್ಕೆ ಮೂವತ್ತಮೂರರಷ್ಟು ಹೆಚ್ಚು. ಎಣ್ಣೆಯ ಡಬ್ಬಿ ಹಿಡಿದವನಿಗೆ ಈ ಲೆಕ್ಕ ಗೊತ್ತು, ಸ್ಪ್ರಿಂಗ್ ಬಿಗಿಯುವವನಿಗೆ ಗೊತ್ತಿಲ್ಲ. ಇಬ್ಬರೂ ಸಾಮಾನ್ಯವಾಗಿ ಅಪ್ಪ ಮಗ.

ಗವರ್ನರುಗಳ ಲಕ್ಷಣ ಹೀಗಿದೆ. ಪರ್ಫಾರ್ಮನ್ಸ್ ಎಂಬುದು ಕಾರಹುಣ್ಣಿಮೆಯ ಎತ್ತು. ಕರಿ ಹರಿಯಲು ಬಿಟ್ಟರೆ ಊರೇ ಎದುರು ಬಂದರೂ ನಿಲ್ಲುವುದಿಲ್ಲ, ಕೆಲಸವಿರಲಿ ಬಿಡಲಿ ತುತ್ತತುದಿಯ ವೇಗವೇ. ಪವರ್‌ಸೇವ್ ಅದರ ವಿರುದ್ಧ. ಹೆಣ ಎತ್ತಲು ಕರೆದರೂ ಮೊದಲ ಗೇರಿನಲ್ಲೇ ಬರುತ್ತದೆ. ಆನ್‌ಡಿಮಾಂಡ್ ಎಂಬುದು ಹೊಸ ಅಳಿಯ: ಅತ್ತೆ ಒಂದು ಕೂಗು ಹಾಕಿದರೆ ಒಂದೇ ಜಿಗಿತಕ್ಕೆ ಅಟ್ಟ ಏರುತ್ತಾನೆ, ಕೂಗು ನಿಂತ ಮೇಲೆ ಮೆಲ್ಲಗೆ ಇಳಿಯುತ್ತಾನೆ. ಕನ್ಸರ್ವೇಟಿವ್ ಎಂಬುದು ಸವದತ್ತಿ ಕೋಟೆ ಏರುವ ಮುದಿ ಗೌಡರು. ಒಂದು ಮೆಟ್ಟಿಲು, ಒಂದು ಎಲೆಅಡಿಕೆ, ಮತ್ತೊಂದು ಮೆಟ್ಟಿಲು. ಇಂಟರ್‌ಆಕ್ಟಿವ್ ಬಸ್‌ಸ್ಟ್ಯಾಂಡಿನ ಚಹಾದಂಗಡಿಯವನು. ಯಾರಾದರೂ ಬೆಂಚು ಮುಟ್ಟಿದರೆ ಸಾಕು ಸ್ಟೋವ್ ಭುಗಿಲೆನ್ನುತ್ತದೆ. 2016ರಲ್ಲಿ ಲಿನಕ್ಸ್ 4.7ರೊಂದಿಗೆ ಬಂದ ಷೆಡ್‌ಯುಟಿಲ್ ಮಾತ್ರ ಬುದ್ಧಿವಂತ: ಇಂದು ಎಷ್ಟು ಆಳು, ಎಷ್ಟು ಸಾಲು ಎಂದು ಕೆಲಸ ಹಂಚುವವನನ್ನೇ ಕೇಳಿ ವೇಗ ಗೊತ್ತುಮಾಡುತ್ತದೆ. ಇಂಥವನನ್ನು ಯಾವ ಹುಡುಗನೂ ಆರಿಸುವುದಿಲ್ಲ. ಹೆಸರಿನಲ್ಲಿ ಬೆಂಕಿ ಇಲ್ಲ.

ಉಷ್ಣ ವಿಚಾರ

ಈ ಅಧ್ಯಾಯ ಚಿಕ್ಕದು, ಏಕೆಂದರೆ ಇದರಲ್ಲಿ ಹೇಳಿದ್ದು ನಿಜ. ಪ್ರೊಸೆಸರ್ ತಿನ್ನುವ ಶಕ್ತಿ ಅದರ ವೇಗವನ್ನೂ ವೋಲ್ಟೇಜಿನ ವರ್ಗವನ್ನೂ ಅನುಸರಿಸುತ್ತದೆ. 1.2 ಗಿಗಾಹರ್ಟ್ಸ್ ಇದ್ದುದನ್ನು 1.4ಕ್ಕೆ ಏರಿಸಿದರೆ ಓಟ ನೂರಕ್ಕೆ ಹದಿನೇಳರಷ್ಟು ಹೆಚ್ಚು. ಆ ಓಟ ತಡೆಯಲೆಂದು ವೋಲ್ಟೇಜನ್ನು 1.0ರಿಂದ 1.1ಕ್ಕೆ ಏರಿಸಿದರೆ ತಿನ್ನುವ ಶಕ್ತಿ ನೂರಕ್ಕೆ ನಲವತ್ತೊಂದರಷ್ಟು ಹೆಚ್ಚು. ಗಳಿಕೆ ಹದಿನೇಳು, ಖರ್ಚು ನಲವತ್ತೊಂದು, ಆ ಖರ್ಚೆಲ್ಲ ಕಾವು. ಕಾವು ಮಿತಿ ಮೀರಿದರೆ ಫೋನು ತಾನೇ ವೇಗ ತಗ್ಗಿಸುತ್ತದೆ, ನವಿಲುತೀರ್ಥದಲ್ಲಿ ನೀರು ತುಂಬಿದಾಗ ಗೇಟು ಎತ್ತಿದ ಹಾಗೆ. ಗೇಟು ಎತ್ತುವುದು ಅಣೆಕಟ್ಟು ಉಳಿಯಲೆಂದು; ಕೆಳಗಿನ ಊರುಗಳ ಮಾತು ಬೇರೆ, ಅದನ್ನು 2019ರ ಆಗಸ್ಟಿನ ನೆರೆ ಕಂಡ ರಾಮದುರ್ಗದವರನ್ನು ಕೇಳಬೇಕು. ಉತ್ಸಾಹಿ ಕರ್ನಲ್‌ಕಾರರು ಕೆಲವರು ಈ ಗೇಟು ಏಳದಂತೆ ಬೆಸುಗೆ ಹಾಕಿಬಿಡುತ್ತಾರೆ. ಅಂಥ ಕರ್ನಲ್ಲಿನ ವಿವರಣೆಯಲ್ಲಿ ‘ಹೆಚ್ಚು ಮೃದುವಾದ ಅನುಭವ’ ಎಂದು ಬರೆದಿರುತ್ತದೆ.

ಪ್ರಯೋಗ

ಪ್ರಯೋಗಾಲಯ: ಬೈಲಹೊಂಗಲದ ಒಂದು ಮೊಬೈಲ್ ದುರಸ್ತಿ ಅಂಗಡಿ, ಅಗಲ ಐದು ಫೂಟು. ಆಚಾರ್ಯ: ಮೀಸೆ ಈಗಷ್ಟೇ ಮೂಡುತ್ತಿದ್ದ ಹುಡುಗ. ಕಾಲ: ಭರತಹುಣ್ಣಿಮೆಯ ಹಿಂದಿನ ವಾರ, ಕರೆಂಟು ಇದ್ದಾಗ.

“ಸರ, ಒಮ್ಮೆ ಫ್ಲ್ಯಾಶ್ ಹೊಡದ್ರ ರಾಕೆಟ್ ಆಕ್ಕೈತಿ ನೋಡ್ರಿ,” ಎಂದ ಆಚಾರ್ಯ.

“ಏನರ ಆದ್ರ?”

“ಏನ್ ಆಕ್ಕೈತ್ರಿ? ಆದ್ರ ಮತ್ತ ಹೊಡ್ಯೂಣಲ್ರಿ.”

ಇಷ್ಟು ಸ್ಪಷ್ಟವಾದ ಸಂಶೋಧನಾ ವಿಧಾನವನ್ನು ನಾನು ಯಾವ ವಿಶ್ವವಿದ್ಯಾಲಯದಲ್ಲೂ ಕಂಡಿಲ್ಲ. ಬೀಗ ತೆಗೆದ, ಮೂರನೆಯ ಅಧ್ಯಾಯ ಹೋಯಿತು. ಹೊಸ ಕರ್ನಲ್ಲನ್ನು ಒಳಗೆ ಬಿಡುವ ಟಿಡಬ್ಲ್ಯುಆರ್‌ಪಿ ಎಂಬ ರಿಕವರಿ ಹಾಕಿದ. ಹಳೆಯ ಬೂಟ್ ವಿಭಾಗದ ನಕಲು ಇಡೋಣವೇ ಎಂದೆ. ಅಪಶಕುನ ಆಡಿದವನನ್ನು ನೋಡುವಂತೆ ನೋಡಿ, ಇಟ್ಟ. ಜಿಪ್ ಫೈಲನ್ನು ಒತ್ತಿದ. ಕಪ್ಪು ಪರದೆಯ ಮೇಲೆ ಬಿಳಿಯ ಸಾಲುಗಳು ಅಡ್ಡಾದಿಡ್ಡಿ ಓಡಿ ನಿಂತವು. ಫೋನು ಎದ್ದಿತು. ಗವರ್ನರ್ ಪರ್ಫಾರ್ಮನ್ಸ್, ವೇಗ 1.4. ಅನ್‌ಟುಟು ಎಂಬ ಪರೀಕ್ಷಕ ಮೊದಲಿಗಿಂತ ಹೆಚ್ಚು ಅಂಕ ಕೊಟ್ಟ. ಮಕ್ಕಳ ಮಾರ್ಕ್ಸ್‌ಕಾರ್ಡ್ ನೋಡಿ ಹಿಗ್ಗದ ನಾನು ಆ ದಿನ ಪೇಢೆ ಹಂಚಿದೆ.

ಹೊರಡುವಾಗ ಆಚಾರ್ಯ ಒಂದು ಚೌಕದಲ್ಲಿ ಟಿಕ್ ಹಾಕಿದ. “ಇದೊಂದ್ ಹಾಕ್ತೀನ್ರಿ ಸರ, ಪ್ರತಿ ಸಲ ಚಾಲೂ ಮಾಡಿದಾಗ ತಾನ ಈ ಸೆಟ್ಟಿಂಗ್ ಹಿಡ್ಯತೈತಿ.” ಆ ಚೌಕದ ಬಗ್ಗೆ ಪ್ರತ್ಯೇಕ ಮಹಾಪ್ರಬಂಧವನ್ನೇ ಬರೆಯಬಹುದು. ಹೊಸ ವೇಗವನ್ನು ಫೋನು ತಡೆಯುತ್ತದೆಯೋ ಇಲ್ಲವೋ ಎಂದು ನಾಲ್ಕು ದಿನ ನೋಡಿಯೇ ಅದಕ್ಕೆ ಟಿಕ್ ಹಾಕಬೇಕು. ತಡೆಯದ ಫೋನು ಬಿದ್ದು ಏಳುತ್ತದೆ, ಎದ್ದ ಕೂಡಲೆ ಅದೇ ಸೆಟ್ಟಿಂಗ್ ಹಿಡಿಯುತ್ತದೆ, ಮತ್ತೆ ಬೀಳುತ್ತದೆ.

ಭರತಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡದ ಜಾತ್ರೆ. ಉಧೋ ಉಧೋ ಎಂಬ ಕೂಗು, ಭಂಡಾರದ ಹಳದಿ ಮೋಡ, ಸಾಲುಸಾಲು ಬಂಡಿ. ಲಕ್ಷಗಟ್ಟಲೆ ಫೋನುಗಳು ಕೆಲವೇ ಟವರುಗಳನ್ನು ಹಿಡಿದು ಜಗ್ಗುತ್ತಿದ್ದವು. ಸಿಗ್ನಲ್ ಹುಡುಕುವ ಕಾವು ಒಂದು, ಬಿಸಿಲಿನ ಕಾವು ಒಂದು, ಕಾರಹುಣ್ಣಿಮೆಯ ಎತ್ತಿನಂಥ ಗವರ್ನರಿನ ಕಾವು ಮತ್ತೊಂದು. ವಿಡಿಯೋ ತೆಗೆಯಲು ಕಿಸೆಗೆ ಕೈ ಹಾಕಿದೆ. ಹೆಂಚಿನ ಮೇಲಿನ ರೊಟ್ಟಿ ಮುಟ್ಟಿದಂತಾಯಿತು. ಪರದೆ ಆರಿತು. ಲೋಗೋ ಬಂತು. ಹೋಯಿತು. ಬಂತು.

ಜೊತೆಗಿದ್ದ ರಾಮದುರ್ಗದ ಮಾವ ಪವರ್‌ಲೂಮ್ ಇಟ್ಟವರು, ನಾಲ್ಕು ಮಗ್ಗ. ವಿಷಯ ಕೇಳಿ ನಗಲಿಲ್ಲ. ಅವರೂ ಒಮ್ಮೆ ಮೋಟಾರಿಗೆ ದೊಡ್ಡ ಪುಲ್ಲಿ ಹಾಕಿಸಿದ್ದರಂತೆ; ಲಾಳಿ ಮಿಂಚಿನಂತೆ ಹೋಗಿ ಬಂತಂತೆ. “ಎಳಿ ಕಡ್ಯಾಕ ಹತ್ತಿದ್ವು. ನೇಯುದು ಕಡಿಮಿ ಆತು, ಗಂಟು ಹಾಕುದು ಜಾಸ್ತಿ ಆತು. ಎಂಟ್ ದಿನಕ್ಕ ಹಳೇ ಪುಲ್ಲಿ ಹಾಕಿದೆ ನೋಡು.” ಪ್ರೊಸೆಸರಿನ ಕೆಲಸದ ತುಣುಕಿಗೂ ಎಳೆ ಎಂದೇ ಹೆಸರು ಎಂದು ನಾನು ಅವರಿಗೆ ಶಾಸ್ತ್ರ ತಿಳಿಸಲು ಹೊರಟೆ. ಅವರು ಕಡಬು ಬಿಚ್ಚಿದರು.

ಮರಳುವಾಗ ಮುನವಳ್ಳಿಯಲ್ಲಿ ಇಳಿದೆ. ಅಲ್ಲಿ ನಮ್ಮ ಕಾಕಾ ಒಬ್ಬರಿದ್ದಾರೆ, ನಲವತ್ತು ವರ್ಷ ಪಂಪ್‌ಸೆಟ್ ರಿಪೇರಿ ಮಾಡಿದವರು. ಕೈಯಲ್ಲಿ ಸ್ಪ್ಯಾನರ್, ಎದುರಿಗೆ ಬಿಚ್ಚಿದ ಎಂಜಿನ್. ನನ್ನ ಮುಖ ನೋಡಿದರು, ಫೋನು ನೋಡಿದರು.

“ಏನ ಮಾಡಿದ್ಯೋ ತಮ್ಮಾ ಅದಕ್ಕ?”

“ಗವರ್ನರ್ ಬದಲಿ ಮಾಡೀನಿ ಕಾಕಾ. ಓಟ ಹೆಚ್ಚಿಗಿ ಮಾಡೀನಿ.”

“ಗವರ್ನರಾ?” ಕಾಕಾ ಮೊದಲ ಸಲ ಫೋನಿನ ಬಗ್ಗೆ ಆಸಕ್ತಿ ತೋರಿಸಿದರು. ಸ್ಪ್ಯಾನರ್ ಕೆಳಗಿಟ್ಟು, ಎಣ್ಣೆಗೈಯನ್ನು ಅರಿವೆಗೆ ಒರೆಸಿ, ಫೋನನ್ನು ಬೋರಲು ಹಾಕಿ ಬೆನ್ನ ಮೇಲೆ ಅಂಗೈಯಿಟ್ಟರು, ಜ್ವರ ಬಂದ ಕರುವಿನ ಮೈ ಮುಟ್ಟುವ ಹಾಗೆ. “ಹಳೇ ಸ್ಪ್ರಿಂಗ್ ಇಟ್ಟಿಯೋ ಒಗದಿಯೋ?”

“ಇಟ್ಟೀನಿ ಕಾಕಾ. ಬೈಲಹೊಂಗಲದಾಗ ಐತಿ, ಆ ಹುಡುಗನ ಕಂಪ್ಯೂಟರ್‌ನಾಗ.”

“ಇದ್ರ ಆತು. ಈಗ ಏನೂ ಒತ್ತಬ್ಯಾಡ, ಆರಲಿ. ಬಾ, ಚಹಾ ಕುಡದು ಬರೂಣು.”

ಫೋನನ್ನು ನೀರಿನ ಡ್ರಮ್ಮಿನ ನೆರಳಿಗಿಟ್ಟು ಹೊರಟೆವು. ರಸ್ತೆ ದಾಟುವಾಗ ತಿರುಗಿ ನೋಡಿದೆ. ಲೋಗೋ ಬಂತು. ಹೋಯಿತು.